ವಾರ್ಡಿನಲ್ಲಿ ದುಡಿಮೆ, ನರ್ಸಿಂಗ್ ಓದು

ವಾರ್ಡಿನಲ್ಲಿ ನರ್ಸ್‌ಗಳ ಕೈಕೆಳಗೆ ಇದ್ದು ರೋಗಿಯ ದಿನನಿತ್ಯದ ಆರೈಕೆ ನೋಡಿಕೊಳ್ಳುವವರು ನರ್ಸಿಂಗ್ ಸಹಾಯಕರು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಅವರಿಗೆ ಆಯಾ, ವಾರ್ಡ್ ಬಾಯ್ ಎಂಬ ಹಳೆಯ ಹೆಸರುಗಳೇ ಇನ್ನೂ ಬಳಕೆಯಲ್ಲಿವೆ. ರೋಗಿಯ ಕಡೆಯವರಿಗೆ ಮಾತ್ರ ಬಿಳಿ ಬಟ್ಟೆಯ ಹೆಂಗಸರೆಲ್ಲ ‘ಸಿಸ್ಟರ್’. ಸರ್ಕಾರದ ಕೌಶಲ ತರಬೇತಿಗಳಲ್ಲಿ ಈ ಹುದ್ದೆಯ ಹೆಸರು ಜನರಲ್ ಡ್ಯೂಟಿ ಅಸಿಸ್ಟಂಟ್.

ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಯೂರಿನ್ ಬ್ಯಾಗ್ ನೋಡಿ ಅಳತೆ ಬರೆಸುವುದು, ಸ್ಟ್ರೆಚರ್ ತಳ್ಳುವುದು ಇವರ ಪಾಲಿನ ಕೆಲಸ. ಏಳಲಾಗದ ರೋಗಿಗೆ ಬೆನ್ನುಹುಣ್ಣು ಆಗದಂತೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನೋಡಲು ಸಣ್ಣ ಕೆಲಸ, ಆದರೆ ತಪ್ಪಿದರೆ ಗಾಯ ಮಾಯಲು ವಾರಗಳೇ ಹಿಡಿಯುತ್ತವೆ. ಆಸ್ಪತ್ರೆಯ ಕಸದ ಬಣ್ಣಗಳೂ ಬಾಯಿಪಾಠವಾಗಿರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಐವಿ ಟ್ಯೂಬು ಕೆಂಪಿಗೆ, ಸೂಜಿಗಳು ತೂತು ಬೀಳದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಇಂಜೆಕ್ಷನ್ ಕೊಡುವುದು ಸಹಾಯಕರ ಅಧಿಕಾರದಲ್ಲಿಲ್ಲ. ಮಹಾರಾಷ್ಟ್ರಕ್ಕೆ ತಾಗಿದ ಹುಕ್ಕೇರಿಯ ಗಡಿಭಾಗದಲ್ಲಿ ರೋಗಿಯೊಂದಿಗೆ ಮಾತಾಡಲು ಮರಾಠಿ ಬಲ್ಲ ಸಹಾಯಕಿ ಇದ್ದರೆ ವೈದ್ಯರ ಅರ್ಧ ಕೆಲಸ ಹಗುರ.

ಈ ಸೀಮೆಗೆ ಆಸ್ಪತ್ರೆಯ ಪರಂಪರೆ ಹೊಸದಲ್ಲ. ಕಾಂಗ್ರೆಸ್ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯ ಧಾಮ ಘಟಪ್ರಭಾದಲ್ಲಿದೆ. ಅದೇ ಊರಿನಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆಯೂ ಇದೆ. ಸಕ್ಕರೆ ಕಾರ್ಖಾನೆಗೆ, ಕೃಷಿ ಪತ್ತಿಗೆ ಸಹಕಾರ ಸಂಘ ಕಟ್ಟಿದ ಜನ ಆಸ್ಪತ್ರೆಯನ್ನೂ ಅದೇ ರೀತಿ ಕಟ್ಟಿದ್ದು ಇಲ್ಲಿನ ವಿಶೇಷ. ಉಳಿದಂತೆ ತಾಲ್ಲೂಕು ಆಸ್ಪತ್ರೆಗಳು, ಖಾಸಗಿ ನರ್ಸಿಂಗ್ ಹೋಂಗಳು; ಅದಕ್ಕೂ ಮೇಲಿನ ಚಿಕಿತ್ಸೆಗೆ ಬೆಳಗಾವಿ.

ಸಹಾಯಕಿಯೊಬ್ಬಳು ನರ್ಸ್ ಆಗಬೇಕಾದರೆ ಓದಲೇಬೇಕು. ದಾರಿಗಳು ಮೂರು. ಎಎನ್‌ಎಂ (ಆಕ್ಸಿಲಿಯರಿ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಎರಡು ವರ್ಷದ್ದು; ಮುಗಿಸಿದವರು ಹಳ್ಳಿಯ ಉಪಕೇಂದ್ರಗಳಲ್ಲಿ ತಾಯಿ-ಮಕ್ಕಳ ಆರೋಗ್ಯ, ಲಸಿಕೆ ನೋಡಿಕೊಳ್ಳುತ್ತಾರೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಇಂಗ್ಲಿಷ್ ಇದ್ದು ಶೇ 40 ಅಂಕ ಬಂದಿದ್ದರೆ ಕಲಾ ವಿಭಾಗದವರಿಗೂ ಬಾಗಿಲು ತೆರೆದಿದೆ. ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು ವರ್ಷ, ವಿಜ್ಞಾನ ಕಡ್ಡಾಯ.

ತೊಡಕು ಇರುವುದು ಈ ದಾರಿಗಳ ನಡುವೆ. ವಾರ್ಡಿನಲ್ಲಿ ಐದು ವರ್ಷ ಸವೆಸಿದರೂ ಕೋರ್ಸಿನಲ್ಲಿ ಒಂದು ತಿಂಗಳೂ ಕಡಿಮೆಯಾಗದು. ನೋಂದಾಯಿತ ಎಎನ್‌ಎಂಗೆ ಜಿಎನ್‌ಎಂ ಪ್ರವೇಶದ ಅರ್ಹತೆ ಸಿಗುತ್ತದೆ, ಆದರೆ ಓದು ಪೂರ್ತಿ ಮೂರು ವರ್ಷದ್ದೇ. ಜಿಎನ್‌ಎಂ, ಬಿ.ಎಸ್ಸಿ. ಎರಡೂ ಅಂಚೆ ಶಿಕ್ಷಣದಲ್ಲಿ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ತರಗತಿಯ ಜೊತೆಗೆ ವಾರ್ಡಿನ ಪ್ರಾಯೋಗಿಕ ಗಂಟೆಗಳನ್ನೂ ಲೆಕ್ಕ ಹಾಕುತ್ತದೆ. ಸಂಬಳದ ಡ್ಯೂಟಿ ಆ ಲೆಕ್ಕಕ್ಕೆ ಸೇರುವುದಿಲ್ಲ. ರೋಗಿ ಅದೇ, ಹಾಸಿಗೆ ಅದೇ. ಆದರೂ ವಿದ್ಯಾರ್ಥಿನಿಯಾಗಿ ಮಾಡಿದ ಆರೈಕೆಗಷ್ಟೇ ಅಂಕ.

ಹಾಗಾಗಿ ದುಡಿದು ಓದುವವರಿಗೆ ಉಳಿಯುವುದು ರಾತ್ರಿ ಪಾಳಿ ಮತ್ತು ರಜೆಯ ದಿನಗಳು. ರಾತ್ರಿ ಎಂಟರಿಂದ ಬೆಳಗಿನವರೆಗೆ ಡ್ಯೂಟಿ ಮಾಡಿ ಬಸ್ಸು ಹಿಡಿದು ಕಾಲೇಜಿಗೆ ಹೋಗುವುದು ಕೆಲವು ವಾರ ನಡೆದೀತು, ಮೂರು ವರ್ಷ ನಡೆಯುವುದು ಕಷ್ಟ. ಇದಕ್ಕಿಂತ ಸಲೀಸಾದ ಕ್ರಮವೆಂದರೆ ಮೊದಲು ಒಂದೆರಡು ವರ್ಷ ದುಡಿದು ಫೀಸಿನ ಹಣ ಕೂಡಿಸಿ, ಬಳಿಕ ಪೂರ್ಣಾವಧಿ ಓದಿಗೆ ಕೂರುವುದು. ಕನ್ನಡ ಮಾಧ್ಯಮದಿಂದ ಬಂದವರನ್ನು ಇಂಗ್ಲಿಷ್ ಪಠ್ಯದ ಅನಾಟಮಿ ಮೊದಲ ವರ್ಷದಲ್ಲಿ ಬಳಲಿಸುತ್ತದೆ. ಪ್ರಾಯೋಗಿಕದಲ್ಲಿ ಮಾತ್ರ ವಾರ್ಡಿನಲ್ಲಿ ದುಡಿದು ಬಂದವರದೇ ಮೇಲುಗೈ: ರಕ್ತ ಕಂಡರೆ ಬೆದರುವುದಿಲ್ಲ, ನಾಡಿ ಹಿಡಿಯಲು ಕೈ ನಡುಗುವುದಿಲ್ಲ.

ಡಿಪ್ಲೊಮಾ ಅಥವಾ ಪದವಿ ಪಡೆದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರಷ್ಟೇ ಸ್ಟಾಫ್ ನರ್ಸ್ ಹುದ್ದೆಗೆ ಅರ್ಹರು. ಪದವಿ ಬೇಕೆನ್ನುವ ಜಿಎನ್‌ಎಂ ನರ್ಸ್‌ಗಳಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ.