ಗುಳೆಯ ಜನವೂ ಒಡೆಯರ ಹೊಣೆಯೂ



'ಗುಳೆ' ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಮನೆಯಲ್ಲಿಯೇ ಕೇಳಿರುವಿರಿ. ಮಳೆ ಕೈಕೊಟ್ಟ ವರುಷ, ಇಲ್ಲವೆ ಹೊಲದ ಕೆಲಸ ತೀರಿದ ಮೇಲೆ, ಅನ್ನವನ್ನರಸಿ ಕುಟುಂಬಸಮೇತ ಪರಸ್ಥಳಕ್ಕೆ ಹೋಗುವುದಕ್ಕೆ ಈ ಹೆಸರು. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಪುಣೆಗೆ ಹೀಗೆ ಬಂದವರು ಬಹಳ. ನಮ್ಮ ಕಾತ್ರಜದ ಸುತ್ತಮುತ್ತ ಎದ್ದು ನಿಂತಿರುವ ಎತ್ತರದ ಕಟ್ಟಡಗಳಲ್ಲಿ ಅವರ ಬೆವರೂ ಬೆರೆತಿದೆ. ನಾನೂ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವನೇ. ಅವರ ಕೈಯಲ್ಲಿ ಕರಣಿ, ನನ್ನ ಕೈಯಲ್ಲಿ ಸೀಮೆಸುಣ್ಣ, ಅಷ್ಟೇ ಭೇದ.

ಕಳೆದ ವರುಷ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ನನ್ನ ತರಗತಿಯಲ್ಲಿ ಒಂದು ಸ್ಥಳ ತೆರವಾಗಿತ್ತು. ಲೆಕ್ಕದಲ್ಲಿ ಬಲು ಚುರುಕಾದ ಹುಡುಗನ ಸ್ಥಳವದು. ವಿಚಾರಿಸಲಾಗಿ, ತಂದೆ ದುಡಿಯುತ್ತಿದ್ದ ಕಟ್ಟಡ ಪೂರ್ತಿಯಾದುದರಿಂದ ಗುತ್ತಿಗೆದಾರನು ಆ ಕುಟುಂಬವನ್ನು ನಗರದ ಇನ್ನೊಂದು ಅಂಚಿಗೆ ಕಳುಹಿಸಿದನೆಂದು ತಿಳಿಯಿತು. ಶಾಲೆಯಿಂದ ದಾಖಲೆಪತ್ರವನ್ನು ಕೇಳಿ ಪಡೆಯಲೂ ಅವರಿಗೆ ವೇಳೆಯಿರಲಿಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ: ದುಡಿಯುವವರು ಹೀಗೆ ಅಲೆಯುವ ಕಾಲದಲ್ಲಿ ದುಡಿಸಿಕೊಳ್ಳುವವರು ಮಾಡತಕ್ಕದ್ದೇನು?

ಇದು ನಮ್ಮ ಊರೊಂದರ ಮಾತಲ್ಲ. ಸ್ವದೇಶವನ್ನು ಬಿಟ್ಟು ಪರದೇಶಗಳಲ್ಲಿ ದುಡಿಯುವವರ ಸಂಖ್ಯೆ 2019ರಲ್ಲಿ ಸುಮಾರು 16 ಕೋಟಿ 90 ಲಕ್ಷವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು ಮಾಡಿತು. ಜಪಾನಿನಲ್ಲಿ ಕಾಲುಭಾಗಕ್ಕೂ ಮಿಕ್ಕಿದ ಜನ 65 ವರುಷ ದಾಟಿದವರು. ಆದುದರಿಂದ ಆ ದೇಶವು 2019ರ ಏಪ್ರಿಲ್‌ನಿಂದ ಕುಶಲ ಕೆಲಸಗಾರರನ್ನು ಹೊರಗಿನಿಂದ ಕರೆಸಿಕೊಳ್ಳಲು ಹೊಸ ಪರವಾನಗಿಯನ್ನೇ ಏರ್ಪಡಿಸಿತು. ಒಂದೆಡೆ ಕೈಗಳುಂಟು, ಕೆಲಸವಿಲ್ಲ. ಇನ್ನೊಂದೆಡೆ ಕೆಲಸವುಂಟು, ಕೈಗಳಿಲ್ಲ.

ಕೆಲಸಗಾರನು ನಿಲ್ಲದೆ ಹೋದರೆ ಒಡೆಯನಿಗೂ ನಷ್ಟವೇ. ಅಮೆರಿಕದ ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14,000 ಜನರ ಕೆಲಸ ನಡೆಯಬೇಕಾದರೆ ವರುಷದಲ್ಲಿ ಸುಮಾರು 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಬೇಸತ್ತು ಬಿಟ್ಟುಹೋಗುತ್ತಿದ್ದರು. 1914ರ ಜನವರಿಯಲ್ಲಿ ಅವನು ದಿನಗೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿಮಾಡಿ ಐದು ಡಾಲರಿಗೆ ಏರಿಸಿದನು. ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿದನು. ಜನ ನಿಂತರು. ಇದನ್ನು ದಾನವೆಂದು ತಿಳಿಯಬಾರದು, ಇದು ಲೆಕ್ಕಾಚಾರ. ಆ ಕೂಲಿಗೆ ಕಟ್ಟಳೆಗಳೂ ಇದ್ದವು. ಕಂಪನಿಯ ಜನ ಕೆಲಸಗಾರರ ಮನೆಗಳಿಗೆ ಹೋಗಿ ಅವರ ನಡತೆಯನ್ನು ವಿಚಾರಿಸುತ್ತಿದ್ದರು.

ನಮ್ಮ ದೇಶಕ್ಕೆ ಈ ಪಾಠವು 2020ರಲ್ಲಿ ದೊರೆಯಿತು. ಆ ವರುಷ ಮಾರ್ಚ್ 25ರಿಂದ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಕೂಲಿಯೂ ನೆಲೆಯೂ ಇಲ್ಲದ ಜನ ಗಂಟುಮೂಟೆ ಹೊತ್ತು ಊರ ದಾರಿ ಹಿಡಿದರು. ಕೆಲಸ ಮರಳಿ ತೆರೆದಾಗ ಅನೇಕ ನಗರಗಳ ಕಟ್ಟಡದ ಒಡೆಯರು ಪ್ರಯಾಣದ ಖರ್ಚು ಕೊಟ್ಟು ಅವರನ್ನು ಕರೆಸಿಕೊಳ್ಳಬೇಕಾಯಿತು.

ಕಾಯದೆಗಳಿಲ್ಲವೆಂದಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕೆಲಸಗಾರರಿಗಾಗಿ 1979ರಲ್ಲಿ, ಕಟ್ಟಡದ ಕೆಲಸಗಾರರಿಗಾಗಿ 1996ರಲ್ಲಿ ಶಾಸನಗಳಾದವು. ಈಗ ಅವು 2020ರ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಗಿವೆ. 2025ರ ನವೆಂಬರ್ 21ರಿಂದ ಆ ಸಂಹಿತೆಗಳು ಜಾರಿಗೆ ಬಂದಿವೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದಾದರೂ ಪಾಲು ಕೆಲಸಗಾರರ ಕಲ್ಯಾಣನಿಧಿಗೆ ಸಲ್ಲಬೇಕು. ಆದರೆ ಆ ನಿಧಿಯ ನೆರವು ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದುದಕ್ಕೆ ಆಧಾರ ತೋರಿಸಿ ಹೆಸರು ನೋಂದಾಯಿಸಬೇಕು. ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವನಿಗೆ ಆ ಆಧಾರವನ್ನು ಕೊಡುವವರಾರು?

ಆದುದರಿಂದ ಒಡೆಯರು ಕಲಿಯಬೇಕಾದ ಸಂಗತಿಗಳು ನನ್ನ ಎಣಿಕೆಯಲ್ಲಿ ನಾಲ್ಕು. ಮೊದಲನೆಯದು, ದುಡಿದ ದಿನಗಳನ್ನೂ ಕೊಟ್ಟ ಕೂಲಿಯನ್ನೂ ಬರೆದು ಕೆಲಸಗಾರನ ಕೈಗೆ ಕೊಡುವುದು. ಎರಡನೆಯದು, ವಾಸಕ್ಕೆ ಯೋಗ್ಯವಾದ ಸ್ಥಳವನ್ನೂ ಎಳೆಯ ಮಕ್ಕಳಿಗೆ ಆಸರೆಯನ್ನೂ ಒದಗಿಸುವುದು. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ಕಟ್ಟಡದ ಬಯಲಿನಲ್ಲಿಯೇ ಕೂಲಿಕಾರರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರವನ್ನು ತೆರೆದರು. ಮುಂದೆ ಪುಣೆಯಲ್ಲಿಯೂ ಅಂಥವು ನಡೆದವು. ಮೂರನೆಯದು, ಕಲ್ಲು ಹೊರುವವನಿಗೆ ಗಾರೆಯ ಕೆಲಸವನ್ನು, ಗಾರೆಯವನಿಗೆ ನಕ್ಷೆ ಓದುವುದನ್ನು ಕಲಿಸುವುದು. ಕಸಬು ಬಲ್ಲವನು ಎಲ್ಲಿಗೆ ಹೋದರೂ ಬರಿಗೈಯವನಲ್ಲ. ನಾಲ್ಕನೆಯದು, ಶಾಲೆಯಿರುವ ಮಕ್ಕಳ ಕುಟುಂಬವನ್ನು ಸಾಧ್ಯವಾದಷ್ಟು ಮಟ್ಟಿಗೆ ವಾರ್ಷಿಕ ಪರೀಕ್ಷೆ ಮುಗಿದ ಮೇಲೆಯೇ ಸ್ಥಳಾಂತರಿಸುವುದು. ಈ ಕೊನೆಯದಕ್ಕೆ ಒಡೆಯನಿಗೆ ತಗಲುವ ವೆಚ್ಚ ಅತ್ಯಲ್ಪ. ಇದು ತಪ್ಪಿದರೆ ಮಗುವಿನ ಒಂದು ವರುಷವೇ ಹೋಗುತ್ತದೆ. ಎಷ್ಟೋ ವೇಳೆ ಆ ಮಗು ಮರಳಿ ಶಾಲೆಯ ಮೆಟ್ಟಿಲನ್ನೇ ಹತ್ತುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಗುತ್ತಿಗೆದಾರರೂ ಇಂಜಿನಿಯರರೂ ಆಗುವಿರಿ. ನಾಲ್ಕು ಜನರಿಗೆ ಕೂಲಿ ಕೊಡುವಿರಿ. ಆಗ ಈ ಮಾತುಗಳನ್ನು ನೆನೆಯಿರಿ. ಸದ್ಯಕ್ಕೆ ಒಂದು ಕೆಲಸವನ್ನು ಒಪ್ಪಿಸುತ್ತೇನೆ. ನಿಮ್ಮ ನೆರೆಯಲ್ಲಿ ಯಾವುದಾದರೂ ಕುಟುಂಬ ಊರು ಬಿಡುವ ಸಿದ್ಧತೆಯಲ್ಲಿದೆಯೆಂದು ತಿಳಿದರೆ ಮುಂಚಿತವಾಗಿ ಬಂದು ನಮಗೆ ಹೇಳಿರಿ. ದಾಖಲೆಪತ್ರವನ್ನು ಆ ದಿನವೇ ಬರೆದುಕೊಡೋಣ, ಹೋಗುವಲ್ಲಿ ಸಮೀಪದ ಶಾಲೆ ಯಾವುದೆಂದು ವಿಚಾರಿಸೋಣ. ಆ ಹುಡುಗನ ಲೆಕ್ಕದ ಪುಸ್ತಕ ಇನ್ನೂ ನನ್ನ ಬಳಿಯಲ್ಲಿದೆ. ಅವನಿರುವ ಸ್ಥಳವನ್ನು ಬಲ್ಲವರಿದ್ದರೆ ದಯವಿಟ್ಟು ತಿಳಿಸಿರಿ.