ಯುದ್ಧದ ನೆನಪಿನಲ್ಲಿ ಹೆಣ್ಣಿನ ನೆಲೆ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು, ದೇವದುರ್ಗ, ಮಾನವಿಗಳ ಸೀಮೆ ಬಹುಕಾಲ ಕಾದಾಟದ ಕಣವಾಗಿತ್ತು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಈ ನೆಲಕ್ಕಾಗಿ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದನು. ಯುದ್ಧವು ರಾಜ್ಯದ ಎಲ್ಲೆಯನ್ನು ಬದಲಿಸುವಂತೆ ಗಂಡುಹೆಣ್ಣುಗಳ ಪಾತ್ರವನ್ನೂ ಬದಲಿಸುತ್ತದೆ. ಆದರೆ ಆ ಬದಲಾವಣೆಯಲ್ಲಿ ಯಾವುದು ಮುಂದಿನವರಿಗೆ ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ನೆನಪಿನ ರೂಪ.

ಮೊದಲನೆಯದು ಕಲ್ಲು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾದುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಮಡದಿ ಚಿತೆಯೇರಿದರೆ ಆಕೆಗೆ ಮಾಸ್ತಿಗಲ್ಲು. ಅದರಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳು. ಗಂಡಿಗೆ ಆಯುಧ, ಹೆಣ್ಣಿಗೆ ಬಳೆ. ಬದುಕುಳಿದು ಮನೆ ನಡೆಸಿದ ವಿಧವೆಗೆ ಈ ಎರಡರಲ್ಲೂ ಎಡೆಯಿಲ್ಲ.

ಎರಡನೆಯದು ಆಸ್ಥಾನದ ಚರಿತ್ರೆ. ಬಿಜಾಪುರದಲ್ಲಿದ್ದು ಪಾರಸಿಯಲ್ಲಿ ಬರೆದ ಫಿರಿಸ್ತಾ, ಒಂದನೆಯ ದೇವರಾಯನಿಗೂ ಫಿರೋಜ್ ಷಾಹನಿಗೂ 1406ರಲ್ಲಿ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವೇ ಕಾರಣವೆನ್ನುತ್ತಾನೆ. ಉಭಯ ರಾಜರಿಗೂ ಬೇಕಾಗಿದ್ದುದು ಫಲವತ್ತಾದ ನೆಲ ಮತ್ತು ಕೋಟೆಗಳು. ಹೊಣೆ ಬಿದ್ದುದು ಹೆಣ್ಣಿನ ಮೇಲೆ. ಆದರೂ ಆಕೆ ದೇವರಾಯನನ್ನು ಒಲ್ಲೆನೆಂದಳೆಂಬ ಮಾತು ಅದೇ ಗ್ರಂಥದಲ್ಲಿದೆ.

ಮೂರನೆಯದು ಲಾವಣಿ. 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದ ಕಿತ್ತೂರು ಚೆನ್ನಮ್ಮ ಹಾಡುಗಾರರ ಬಾಯಲ್ಲಿ ಆಜ್ಞೆ ಕೊಡುವ ನಾಯಕಿಯಾದಳು. ಜಾತ್ರೆಯಲ್ಲಿ ಜನ ಸುತ್ತ ನೆರೆದಾಗ ಹಾಡುವ ಲಾವಣಿಗೆ ಸವಾಲು, ಜವಾಬು, ಸಾಹಸ ಬೇಕು. ಅರಮನೆಯ ಅಪ್ಪಣೆ ಬೇಕಿಲ್ಲ. ಆದುದರಿಂದ ಕಲ್ಲಿನಲ್ಲಿ ಬಳೆಯಷ್ಟೇ ಕಂಡ ಕೈಗೆ ಇಲ್ಲಿ ಖಡ್ಗ ಬಂದಿತು. ಆದರೆ ಲಾವಣಿಗೂ ರಾಣಿಯೇ ಬೇಕು; ಸಾಮಾನ್ಯ ಗೃಹಿಣಿಯ ಕಷ್ಟ ಅದರ ವಸ್ತುವಲ್ಲ.

ಆ ಕಷ್ಟ ನಮಗೆ ದೂರದ್ದಲ್ಲ. 1948ರ ಸೆಪ್ಟೆಂಬರಿನವರೆಗೆ ರಾಯಚೂರು ಜಿಲ್ಲೆ ನಿಜಾಮನ ಆಳ್ವಿಕೆಯಲ್ಲಿತ್ತು. ರಜಾಕಾರರ ಹಾವಳಿಗೆ ಅಂಜಿ ಸಂಸ್ಥಾನದ ಅನೇಕ ಕುಟುಂಬಗಳು ಊರು ತೊರೆದವು. ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸ್ಲಿಂ ಕುಟುಂಬಗಳೂ ಹಿಂಸೆ ಅನುಭವಿಸಿದವು. ಗಂಡಸರು ಸೆರೆಯಲ್ಲೋ ಗಡಿ ಶಿಬಿರದಲ್ಲೋ ಇದ್ದಾಗ ಹೊಲಮನೆಗಳ ಭಾರ ಹೊತ್ತವರು ಹೆಂಗಸರು. ಅವರ ಅನುಭವಕ್ಕೆ ಕಲ್ಲಿಲ್ಲ, ಲಾವಣಿಯಿಲ್ಲ. ಅದು ಬಹುಮಟ್ಟಿಗೆ ಒಲೆಯ ಮುಂದಿನ ಮಾತಾಗಿಯೇ ಉಳಿಯಿತು. ಅಂದು ಹತ್ತು ವರ್ಷದವಳಾಗಿದ್ದ ಹುಡುಗಿಗೆ ಇಂದು ತೊಂಬತ್ತು ಸಮೀಪಿಸಿದೆ. ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ಹತ್ತಿರ ಕುಳಿತು ಕೇಳಿರಿ. ಅವರ ಮಾತನ್ನು ತಿದ್ದದೆ ಬರೆದಿಡಿರಿ. ಯುದ್ಧಕಾಲದ ಗೃಹಿಣಿಗೆ ಸಲ್ಲಬೇಕಾದ ನಾಲ್ಕನೆಯ ರೂಪ ಅದೇ.