ತಂಪಾನೂರಿನ ಸುರುಳಿ ಕಾಫಿ ಹೌಸ್

ಹಿಂದಿನ ಸಂಜೆ ಕಾಸರಗೋಡಿನಲ್ಲಿ ಹತ್ತಿದ ಮಾವೇಲಿ ಎಕ್ಸ್‌ಪ್ರೆಸ್ ಬೆಳಿಗ್ಗೆ ತಿರುವನಂತಪುರ ಸೆಂಟ್ರಲ್‌ಗೆ ತಂದು ಬಿಟ್ಟಿತು. 1931ರ ಕಲ್ಲುಕಟ್ಟಡದ ನಿಲ್ದಾಣ. ರಸ್ತೆ ದಾಟಿದರೆ ಬಸ್ ಸ್ಟ್ಯಾಂಡು. ಇದೇ ತಂಪಾನೂರು. ಹೊರಗೆ ಕಾಲಿಟ್ಟ ಕೂಡಲೇ ಆಟೋದವರು ಕೇಳುವುದು ಎರಡೇ ಹೆಸರು: ಕೋವಳಂ, ಪದ್ಮನಾಭಸ್ವಾಮಿ ದೇವಸ್ಥಾನ.

‘ದೇವರ ಸ್ವಂತ ನಾಡು’ ಎಂಬ ಮಾತನ್ನು ಕೇರಳ ಪ್ರವಾಸೋದ್ಯಮ ಕಟ್ಟಿಕೊಂಡದ್ದು 1989ರಲ್ಲಿ. ಅಂದಿನಿಂದ ಕೆಟ್ಟುವಳ್ಳ ಎಂಬ ದೋಣಿಮನೆ, ಕಥಕ್ಕಳಿಯ ಹಸಿರು ಮುಖ, ತೆಂಗಿನ ಸಾಲು ಜಗತ್ತಿಗೆಲ್ಲ ಪರಿಚಯವಾದವು. ನಮ್ಮ ಕಾಸರಗೋಡಿನ ಬೇಕಲ ಕೋಟೆಯೂ ಆ ಸಾಲಿಗೆ ಸೇರಿತು. ಚಿತ್ರ ಸೊಗಸಾಗಿಯೇ ಇರುತ್ತದೆ. ಆದರೆ ಅದು ಕೆಳದಿಯ ನಾಯಕರು ಕಟ್ಟಿಸಿದ ಕೋಟೆ, 1956ರವರೆಗೆ ದಕ್ಷಿಣ ಕನ್ನಡದ ನೆಲ ಎಂಬುದನ್ನೂ ನೋಡಲು ಬಂದವರಿಗೆ ಹೇಳಬೇಕು ಅನ್ನುವುದು ನನ್ನ ಆಸೆ.

ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇಂಡಿಯನ್ ಕಾಫಿ ಹೌಸ್. ಇಂಗ್ಲೆಂಡಿನಲ್ಲಿ ಹುಟ್ಟಿ ಈ ಊರಿನಲ್ಲೇ ಬಾಳಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಗೋಪುರ. ಒಳಗೆ ಮಹಡಿ ಎಂಬುದೇ ಇಲ್ಲ. ಬಾಗಿಲಿಂದ ಶುರುವಾದ ಇಳಿಜಾರು ನೆಲ ಸುರುಳಿ ಸುತ್ತುತ್ತ ಮೇಲೇರುತ್ತದೆ; ಹೊರಗೋಡೆಯ ಉದ್ದಕ್ಕೂ ಮೇಜು, ಬೆಂಚು. ನೆಲ ವಾಲಿದ್ದರೂ ಮೇಜು ಮಟ್ಟಸ. ಲೋಟದ ಕಾಫಿ ಒಂದು ಎಳೆಯಷ್ಟೂ ಓರೆಯಾಗಲಿಲ್ಲ. ಇಟ್ಟಿಗೆ ಬಿಟ್ಟು ಬಿಟ್ಟು ಜೋಡಿಸಿದ ಕಿಂಡಿಗಳಲ್ಲಿ ಗಾಳಿ ಬೀಸುತ್ತಿತ್ತು, ಬೆಳಕು ಚೌಕ ಚೌಕವಾಗಿ ಮೇಜಿನ ಮೇಲೆ ಬಿದ್ದಿತ್ತು. ಬೀಸಣಿಗೆಯಂತೆ ನೆಟ್ಟಗೆ ನಿಂತ ತುರಾಯಿಯ ಪೇಟ ತೊಟ್ಟವರು ಮಸಾಲೆ ದೋಸೆ ತಂದಿಟ್ಟರು. ಮುರಿದರೆ ಒಳಗೆ ಬೀಟ್‌ರೂಟ್ ಪಲ್ಯದ ಕಡುಗೆಂಪು. ಉಡುಪಿ ದೋಸೆ ತಿಂದು ಬೆಳೆದ ನಾಲಗೆಗೆ ಮೊದಲ ತುತ್ತು ಹೊಸದು, ಎರಡನೆಯದು ರುಚಿ.

ಕಾಫಿ ಬೋರ್ಡು ತನ್ನ ಹೋಟೆಲುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡು ಈ ಕಾಫಿ ಹೌಸ್‌ಗಳನ್ನು ನಡೆಸತೊಡಗಿದರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರಲ್ಲಿ; ಮರುವರ್ಷ ತ್ರಿಶೂರಿನಲ್ಲಿ. ಇಲ್ಲಿ ಹಮಾಲಿ, ವಕೀಲ, ವಿದೇಶಿ ಪ್ರವಾಸಿ ಒಂದೇ ಬೆಂಚಿನವರು. ನಾಡಿನ ನಿಜವಾದ ಆತಿಥ್ಯ ತೋರಿಸಬೇಕೆಂದರೆ ದೋಣಿಮನೆಗಿಂತ ಮೊದಲು ನಾನು ಕರೆತರುವುದು ಇಲ್ಲಿಗೆ.

ಕೆಳಗಿಳಿದಾಗ ಬಾಗಿಲಲ್ಲಿ ಫೈಲು ಹಿಡಿದ ದಂಪತಿ. ಮಾತು ಕೇಳಿದರೆ ಮಂಜೇಶ್ವರ ಕಡೆಯವರು.

“ಅಣ್ಣಾ, ಸೆಕ್ರೆಟರಿಯೇಟಿಗೆ ನಡ್ಕೊಂಡು ಹೋಗ್ಲಿಕ್ಕೆ ಆಗ್ತದಾ?”

“ಆಗ್ತದೆ. ಓವರ್‌ಬ್ರಿಡ್ಜ್ ಹತ್ರ ಎಂ.ಜಿ. ರಸ್ತೆ ಹಿಡಿದು ನೇರ ಹೋಗಿ. ಅರ್ಜಿ ಯಾವ ಭಾಷೆಯಲ್ಲಿ?”

“ಕನ್ನಡದಲ್ಲೇ ಬರೆದದ್ದು. ತಗೊಳ್ತಾರಾ?”

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಆ ಹಕ್ಕು ಕೊಟ್ಟಿದೆ ಎಂದೆ. ಅಕ್ಕ ಫೈಲನ್ನು ಎದೆಗೊತ್ತಿಕೊಂಡರು. “ಮೊದ್ಲು ಒಂದು ಕಾಫಿ ಕುಡಿವ” ಎಂದು ಇಬ್ಬರೂ ಇಳಿಜಾರು ಹತ್ತಿದರು.